ನಿಂತ ಲಾರಿ ಮತ್ತು ನೋಡುವ ಯಂತ್ರ
(ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



2023ರ ಅಕ್ಟೋಬರ್ 26ರ ಬೆಳಗ್ಗೆ ಚಿಕ್ಕಬಳ್ಳಾಪುರದ ಹೊರವಲಯದಲ್ಲಿ, ರಾಷ್ಟ್ರೀಯ ಹೆದ್ದಾರಿ 44ರ ಮೇಲೆ ನಡೆದದ್ದು ನಿಮಗೆಲ್ಲ ನೆನಪಿರಬೇಕು. ಮಂಜು ಕವಿದಿತ್ತು. ನಿಂತಿದ್ದ ಟ್ಯಾಂಕರಿಗೆ ಸುಮೋ ಹಿಂದಿನಿಂದ ಗುದ್ದಿ 13 ಜನ ತೀರಿಕೊಂಡರು. ಡಿಕ್ಕಿಯಾದ ಮೇಲೆ ಅದನ್ನು ತಿಳಿಸಲು ಯಂತ್ರ ಬೇಕಿಲ್ಲ, ಜನರೇ ಓಡಿಬರುತ್ತಾರೆ. ಯಂತ್ರ ಬೇಕಿರುವುದು ಅದಕ್ಕೆ ಮುಂಚೆ. ವಾಹನಗಳು ಓಡಬೇಕಾದ ಕಡೆ ಒಂದು ನಿಂತುಬಿಟ್ಟಿದೆ ಎಂದು ಕಂಡುಹಿಡಿಯುವುದಕ್ಕೆ.

ಇದಕ್ಕೊಂದು ಸರಳ ಉಪಾಯವಿದೆ. ಕ್ಯಾಮೆರಾ ತೆಗೆದ ಕೆಲವು ನಿಮಿಷಗಳ ಚಿತ್ರಗಳನ್ನೆಲ್ಲ ಒಂದರ ಮೇಲೊಂದಿಟ್ಟು ಸರಾಸರಿ ತೆಗೆದರೆ, ಓಡುವ ವಾಹನಗಳು ಮಾಸಿಹೋಗುತ್ತವೆ. ನಿಂತದ್ದು ಮಾತ್ರ ಉಳಿಯುತ್ತದೆ. ಉಳಿದದ್ದು ಲಾರಿಯೋ, ಮರದ ನೆರಳೋ ಎಂದು ಹೇಳುವ ಕೆಲಸ ನ್ಯೂರಲ್ ನೆಟ್‌ವರ್ಕಿನದು, ಅಂದರೆ ನರಜಾಲದ್ದು. ಇನ್ನೊಂದು ವಿಧಾನದಲ್ಲಿ ನರಜಾಲಕ್ಕೆ ಮಾಮೂಲು ಸಂಚಾರವನ್ನಷ್ಟೇ ತೋರಿಸಿ, ಕಂಡದ್ದನ್ನು ತಾನೇ ಮತ್ತೆ ಬಿಡಿಸಲು ಕಲಿಸುತ್ತಾರೆ. ಎಂದೂ ಕಾಣದ್ದು ಎದುರಾದಾಗ ಅದು ಬಿಡಿಸುವುದರಲ್ಲಿ ತಪ್ಪುತ್ತದೆ. ಆ ತಪ್ಪೇ ನಮಗೆ ಎಚ್ಚರಿಕೆ.

ಆದರೆ ಮಾಮೂಲು ಎಂದರೆ ಯಾವುದು? ಜರ್ಮನಿಯ ಊರುಗಳ ಚಿತ್ರ ನೋಡಿ ಕಲಿತ ಯಂತ್ರಕ್ಕೆ ನಮ್ಮ ಆಟೋವೇ ವಿಚಿತ್ರ. ಅದಕ್ಕೆಂದೇ ಹೈದರಾಬಾದಿನ ಐಐಐಟಿಯವರು ಹೈದರಾಬಾದ್, ಬೆಂಗಳೂರು ಸುತ್ತಿನ ರಸ್ತೆಗಳ ಸುಮಾರು 10,000 ಚಿತ್ರಗಳಿಗೆ ಗುರುತು ಹಾಕಿಸಿದರು. ಅದರಲ್ಲಿ ಆಟೋ ಇದೆ, ದನಕರುಗಳಿವೆ. ಇನ್ನು ನಮ್ಮ ಕಡೆಗೆ ಬನ್ನಿ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಡಾಂಬರಿನ ಮೇಲೆಯೇ ಹರವಿ ವಾಹನಗಳಿಂದ ತುಳಿಸುತ್ತೇವೆ. ಹೊರಗಿನ ಯಂತ್ರ ಅದನ್ನು ಕಂಡು ದಿನವಿಡೀ ಗಂಟೆ ಬಾರಿಸೀತು. ಇಲ್ಲಿಯೇ ಕಲಿತ ಯಂತ್ರವಾದರೆ ಸುಮ್ಮನಿದ್ದುಬಿಟ್ಟೀತು, ಬೈಕಿನವನು ಅದರ ಮೇಲೆ ಜಾರುವವರೆಗೆ! ನನಗೆ ಭಯವಿರುವುದು ಈ ಎರಡನೆಯದರ ಬಗ್ಗೆ. ಹಿಂದಿನ ದೀಪವಿಲ್ಲದೆ ನಿಲ್ಲುವ ಲಾರಿ ದಿನದಿನದ ಚಿತ್ರದಲ್ಲೂ ಇದ್ದರೆ ಯಂತ್ರ ಅದನ್ನೂ ಮಾಮೂಲೆಂದೇ ಕಲಿಯುತ್ತದೆ. ನಾವೂ ಹಾಗೆಯೇ ಕಲಿತವರಲ್ಲವೇ?

ಮಂಜಿನ ಮಾತನ್ನೂ ಹೇಳಿಬಿಡಬೇಕು. ದಟ್ಟ ಮಂಜಿನಲ್ಲಿ ಸಾಧಾರಣ ಕ್ಯಾಮೆರಾಕ್ಕೂ ಏನೂ ಕಾಣದು. ಕಾಣದ್ದನ್ನು ನರಜಾಲ ಊಹಿಸಲಾರದು. ಅಲ್ಲಿ ರೇಡಾರ್ ಬೇಕು. ಎಚ್ಚರಿಕೆ ಬಂದಕೂಡಲೇ ಹಿಂದಿನಿಂದ ಬರುವವರನ್ನು ತಡೆಯುವವರೂ, ಲಾರಿಯನ್ನು ಸರಿಸುವವರೂ ಬೇಕು.

ಡಿಪ್ಲೊಮಾ, ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳಿಗೆ ನನ್ನದೊಂದು ಕೆಲಸ. ಚಿಂತಾಮಣಿಯ ಟೊಮೆಟೊ ಗಾಡಿಗಳು, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುವ ದಾರಿ, ಗೌರಿಬಿದನೂರು ರಸ್ತೆಯ ರಾಗಿ ಕಣ, ಇವುಗಳ ಚಿತ್ರ ತೆಗೆಯಿರಿ. ‘ದಿನವೂ ಇರುತ್ತದೆ’ ಎಂಬುದಕ್ಕೆ ಒಂದು ಗುರುತು, ‘ಅಪಾಯ’ ಎಂಬುದಕ್ಕೆ ಬೇರೆಯೇ ಗುರುತು ಹಾಕಿ. ಎಷ್ಟೋ ಚಿತ್ರಗಳಿಗೆ ಎರಡೂ ಬೀಳುತ್ತವೆ. ಜನರ ಮುಖ, ಗಾಡಿಯ ನಂಬರು ಕಾಣದಂತೆ ಮಸುಕು ಮಾಡಿ. ತೆಗೆಯುವಾಗ ಮಾತ್ರ ರಸ್ತೆಯಿಂದ ದೂರವೇ ನಿಲ್ಲಿ, ಮಕ್ಕಳೇ.