ಉಗ್ರಾಣದ ಚೀಟಿ, ಸಂಘದ ಪುಸ್ತಕ

(ಯರಗುಪ್ಪಿಯಲ್ಲಿ ಸ್ವ-ಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪುಸ್ತಕ ಬರೆಯುವುದರ ಬಗ್ಗೆ ನಾಲ್ಕು ಮಾತು ಹೇಳ್ರಿ ಅಂತ ನಮ್ಮನ್ನು ಕರೆದಿದ್ದೀರಿ. ನಾವು ಸಂಘ ನಡೆಸಿದವರಲ್ಲ. ನೌಕಾಪಡೆಯ ಹಡಗುಗಳನ್ನು ದುರಸ್ತಿ ಮಾಡುವ ಯಾರ್ಡಿನ ಉಗ್ರಾಣದಲ್ಲಿ ಸಾಮಾನು ತೊಗೊಳ್ಳುವ, ಎಣಿಸಿ ಇಡುವ, ಕೊಡುವ ಕೆಲಸ ಮಾಡಿ ಬಂದವರು. ಯರಿ ಹೊಲದ ಯರಗುಪ್ಪಿಗೂ ಸಮುದ್ರದ ಹಡಗಿಗೂ ಎಲ್ಲಿಯ ಸಂಬಂಧ ಅಂತೀರಿ. ಸಂಬಂಧ ಐತ್ರಿ, ಕೇಳ್ರಿ.

ನಮ್ಮ ರಾಜ್ಯದ ದೊಡ್ಡ ನೌಕಾನೆಲೆ ಕಾರವಾರದಲ್ಲಿದೆ. 1986ರಲ್ಲಿ ಅಂದಿನ ಪ್ರಧಾನಿ ರಾಜೀವ್ ಗಾಂಧಿಯವರು ಅದಕ್ಕೆ ಅಡಿಗಲ್ಲು ಹಾಕಿದರು. ದಂಡೆಯ ಹಳ್ಳಿಗಳ ಜನ ಮನೆ, ಹೊಲ ಬಿಟ್ಟುಕೊಟ್ಟರು. 2005ರ ಮೇ 31ರಂದು ಅಲ್ಲಿ 'ಐ.ಎನ್.ಎಸ್. ಕದಂಬ' ನೆಲೆ ಆರಂಭವಾಯಿತು. ಬನವಾಸಿಯ ಕದಂಬರ ಹೆಸರೇ ಅದು. ಹತ್ತು ಸಾವಿರ ಟನ್ ತೂಕದವರೆಗಿನ ಹಡಗನ್ನು ನೀರಿನಿಂದ ಮೇಲಕ್ಕೆತ್ತಿ ದಡದ ಮೇಲೆ ದುರಸ್ತಿ ಮಾಡುವ ವ್ಯವಸ್ಥೆ ಅಲ್ಲಿದೆ.

ಇದೇ ಕಾರವಾರಕ್ಕೆ 2014ರ ಜನವರಿಯಲ್ಲಿ ವಿಮಾನಗಳನ್ನು ಹೊತ್ತೊಯ್ಯುವ ಹಡಗು 'ವಿಕ್ರಮಾದಿತ್ಯ' ಬಂತು. ಅದರಲ್ಲಿ 1,600ಕ್ಕೂ ಹೆಚ್ಚು ಮಂದಿ. ಅವರಿಗೆ ತಿಂಗಳಿಗೆ ಸುಮಾರು ಒಂದು ಲಕ್ಷ ಮೊಟ್ಟೆ, 20,000 ಲೀಟರ್ ಹಾಲು, 16 ಟನ್ ಅಕ್ಕಿ ಬೇಕು ಎಂದು ನೌಕಾಪಡೆಯೇ ಆಗ ತಿಳಿಸಿತ್ತು. ನಡುಸಮುದ್ರದಾಗ ಅಕ್ಕಿ ತೀರಿದರೆ ಬಾಜೂ ಮನಿಗೆ ಹೋಗಿ ಒಂದು ಸೇರು ಕಡ ಕೇಳಾಕ ಆಗತೈತೇನ್ರಿ? ಅದಕ್ಕೇ ದಡದಲ್ಲಿರುವವರು ಮೊದಲೇ ಎಣಿಸಿರಬೇಕು.

ಊಟದ ಸಾಮಾನಿನಂತೆಯೇ ಯಂತ್ರದ ಬಿಡಿಭಾಗಗಳು. ಉಗ್ರಾಣದಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ನಂಬರು, ಇಡಲು ಒಂದು ಖಾನೆ, ಆ ಖಾನೆಗೊಂದು ಕಾರ್ಡು. ಮಾಲು ಬಂದರೆ ಪರೀಕ್ಷಿಸಿ, ಎಣಿಸಿ, ಬರೆಯಬೇಕು. ಕೊಡುವಾಗ ಚೀಟಿ ಪಡೆದು, ಸಹಿ ಹಾಕಿಸಿ, ಬರೆಯಬೇಕು. ರಬ್ಬರಿನ ಸಾಮಾನಿಗೆ ಔಷಧಿಯ ಹಾಗೆ ಅವಧಿ ಇರುತ್ತದೆ. ಮನ್ಯಾಗ ಹಳೇ ಜ್ವಾಳ ಮೊದಲು ಬೀಸಿಸಿದಂಗ, ಅಲ್ಲಿಯೂ ಹಳೆಯದು ಮೊದಲು ಹೋಗಬೇಕು. ಈಗ ಕಂಪ್ಯೂಟರ್ ಬಂದಿದೆ, ಆದರೂ ವರ್ಷದ ಲೆಕ್ಕಕ್ಕೆ ಕೈಯಿಂದ ಮುಟ್ಟಿ ಎಣಿಸುವುದು ತಪ್ಪಿಲ್ಲ.

ಇನ್ನು ನಮ್ಮ ತಪ್ಪನ್ನು ನಾವೇ ಹೇಳುತ್ತೇವೆ. ಯಾವ ಯಾರ್ಡು ಎಂಬುದು ಬೇಡ. ಒಂದು ಸಂಜೆ ಬಾಗಿಲು ಹಾಕುವ ಹೊತ್ತಿಗೆ ಪರಿಚಯದ ಮೆಕ್ಯಾನಿಕ್ ಒಬ್ಬರು ಓಡಿ ಬಂದರು. "ಪಂಪಿನ ಎರಡು ರಬ್ಬರ್ ರಿಂಗ್ ಬೇಕು, ಚೀಟಿ ನಾಳೆ ತರ್ತೀನಿ" ಅಂದರು. ದಿನಾ ನೋಡುವ ಮುಖ. ಕೊಟ್ಟೆವು. ಮರುದಿನ ಅವರೂ ಮರೆತರು, ನಾವೂ ಮರೆತೆವು.

ಕೆಲವು ತಿಂಗಳ ನಂತರ ಇನ್ನೊಂದು ಹಡಗಿಗೆ ಅದೇ ರಿಂಗ್ ಬೇಕಾಯಿತು. ಕಾರ್ಡಿನಲ್ಲಿ ಎರಡು ಇವೆ, ಖಾನೆಯಲ್ಲಿ ಒಂದೂ ಇಲ್ಲ. ಕಾರ್ಡಿನಲ್ಲಿ ಇವೆ ಅಂತ ಹೊಸದು ತರಿಸಿರಲೂ ಇಲ್ಲ. ಸಣ್ಣ ರಿಂಗಿಗಾಗಿ ಅಷ್ಟು ದೊಡ್ಡ ಹಡಗು ನಾಲ್ಕು ದಿನ ಹೆಚ್ಚಿಗೆ ನಿಂತಿತು.

ಹಡಗು ನಿಂತದ್ದು ದೊಡ್ಡದಲ್ಲ ಸಹೋದರಿಯರೇ. ಮಾಲು ಎಲ್ಲಿ ಹೋಯಿತು ಎಂಬ ಪ್ರಶ್ನೆ ಬಂದಾಗ ಎಲ್ಲರ ಕಣ್ಣು ಹೋದದ್ದು ಉಗ್ರಾಣ ಕಸ ಹೊಡೆಯುವ ಗುತ್ತಿಗೆ ಹೆಣ್ಣುಮಗಳ ಮೇಲೆ. ಆಕೆಯ ಊಟದ ಚೀಲ ತೆಗೆಸಿ ನೋಡಿದರು. ನಾವು ಅಲ್ಲೇ ನಿಂತಿದ್ದೆವು. ಮೂರನೆಯ ದಿನ ನಮಗೆ ಆ ಸಂಜೆ ನೆನಪಾಯಿತು. ಮೇಲಿನವರ ಮುಂದೆ ಹೋಗಿ ಒಪ್ಪಿಕೊಂಡೆವು, ಬೈಸಿಕೊಂಡೆವು. ಅಷ್ಟರಲ್ಲಿ ಆಕೆ ಕೆಲಸ ಬಿಟ್ಟಿದ್ದಳು. ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿದೆವು. "ನೀವು ನೆನಪು ಮಾಡಿಕೊಂಡ್ರಲ್ಲ, ಸಾಕು ಬಿಡ್ರಿ ಅಕ್ಕಾರ" ಅಂದಳು. ಆದರೆ ತಿರುಗಿ ಕೆಲಸಕ್ಕೆ ಬರಲಿಲ್ಲ.

ನಿಮ್ಮ ಸಂಘದಲ್ಲೂ ಖಾರದಪುಡಿ, ಶೇಂಗಾ ಹಿಂಡಿ, ರೊಟ್ಟಿಯ ವ್ಯವಹಾರ ಇರುತ್ತದೆ. "ನಮ್ಮಾಕಿನ ಅಲ್ಲ, ಆಮ್ಯಾಲ ಬರಕೊಂಡ್ರಾತು" ಅಂತ ಎರಡು ಕೆ.ಜಿ. ಕೊಟ್ಟುಬಿಡುತ್ತೇವೆ. ತಿಂಗಳ ಕೊನೆಗೆ ಲೆಕ್ಕ ಕೂಡುವುದಿಲ್ಲ. ಆಗ ಸಂಶಯ ಯಾರ ಮೇಲೆ ಬರುತ್ತದೆ? ಉಳ್ಳವರ ಮೇಲಲ್ಲ. ಸಾಲದ ಕಂತು ತಪ್ಪಿಸಿದವಳ ಮೇಲೆ, ಗಂಡ ಇಲ್ಲದವಳ ಮೇಲೆ, ಓದು ಬರದವಳ ಮೇಲೆ. ಬರೆಯಿರಿ ಅಂತ ಕೇಳಿದರೆ ನಂಬಿಕೆ ಇಲ್ಲ ಅಂತ ತಿಳಿಯಬೇಡ್ರಿ. ಬರೆದಿಟ್ಟರೆ ಬಡವಿಯ ಮಾನ ಉಳಿಯುತ್ತದೆ.

ಆದ್ದರಿಂದ ಮೂರು ಕೆಲಸ ಮಾಡಿರಿ. ಕೊಟ್ಟ ಕ್ಷಣವೇ ಬರೆಯಿರಿ, ಸಹಿ ಇಲ್ಲವೆ ಹೆಬ್ಬೆಟ್ಟು ಹಾಕಿಸಿರಿ. ಬರೆಯುವವಳು ಒಬ್ಬಳು, ಎಣಿಸುವವಳು ಇನ್ನೊಬ್ಬಳು ಇರಲಿ. ತಿಂಗಳಿಗೊಮ್ಮೆ ಎಲ್ಲರ ಮುಂದೆ ಮಾಲು ಎಣಿಸಿ, ಪುಸ್ತಕ ಗಟ್ಟಿಯಾಗಿ ಓದಿರಿ.

ಕೊನೆಯದಾಗಿ, ನಿಮ್ಮ ಹೆಣ್ಣುಮಕ್ಕಳಿಗೆ ಈ ದಾರಿಯೂ ಐತಿ. 1992ರಿಂದ ನೌಕಾಪಡೆ ಮಹಿಳಾ ಅಧಿಕಾರಿಗಳನ್ನು ತೆಗೆದುಕೊಂಡಿತು, ಸಾಮಾನು ಸರಬರಾಜಿನ ವಿಭಾಗಕ್ಕೂ ಸಹ. 2020ರ ಮಾರ್ಚ್ 17ರಂದು ನೌಕಾಪಡೆಯ ಮಹಿಳೆಯರಿಗೂ ಕಾಯಂ ಹುದ್ದೆಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2022ರಿಂದ ಅಗ್ನಿವೀರರಾಗಿಯೂ ಹುಡುಗಿಯರು ಸೇರುತ್ತಿದ್ದಾರೆ. ನೌಕರಿ ಕೊಡಿಸ್ತೀನಿ ಅಂತ ರೊಕ್ಕ ಕೇಳುವವರಿಗೆ ಮಾತ್ರ ಒಂದು ಪೈಸೆ ಕೊಡಬೇಡ್ರಿ.

ಸಂಘದ ಪುಸ್ತಕ ಬರೆಯಲು ಇವತ್ತೇ ಮಗಳನ್ನು ಬಾಜೂ ಕೂಡಿಸಿಕೊಳ್ಳಿರಿ. ಅಲ್ಲಿಂದಲೇ ಆಕೆ ಕಲಿಯಲಿ.