ಕಿಲಿಮಂಜಾರೋ: ‘ಸಾಕು, ಇಳಿಯಿರಿ’ ಅನ್ನೋರಿಗೆ ಸಂಬಳ ಯಾರು ಕೊಡ್ತಾರೆ?

ಹೋದ ವಾರ ಇನ್‌ಸ್ಟಾಗ್ರಾಂನಲ್ಲಿ ಕಿಲಿಮಂಜಾರೋ ಫೋಟೊ ಹಾಕಿದ್ದೇ ತಡ, ಇನ್‌ಬಾಕ್ಸ್ ತುಂಬಿಹೋಯ್ತು. ಎಲ್ಲ ಓದಿದೆ. ಹಿಂಡಿ ನೋಡಿದರೆ ಉಳಿಯೋದು ಎರಡೇ ಪ್ರಶ್ನೆ. ಒಂದು, ‘ಬ್ರೋ, ಎಷ್ಟಾಯ್ತು?’ ಇನ್ನೊಂದು, ‘ನನ್ನ ಕೈಲಿ ಆಗುತ್ತಾ?’ ನಾನು ಬಿ.ಕಾಂ. ಓದಿದವನು, ಮೊದಲು ದುಡ್ಡಿನ ವಿಷಯಕ್ಕೇ ಬರ್ತೀನಿ. ಎರಡನೇ ಪ್ರಶ್ನೆಯ ಅರ್ಧ ಉತ್ತರ ಅದರೊಳಗೇ ಇದೆ.

ಅದಕ್ಕೂ ಮುಂಚೆ, ಬೆಟ್ಟ ಯಾವುದು ಅಂತ ಎರಡು ಮಾತು. ತಾಂಜಾನಿಯಾ ದೇಶ, ಮೋಶಿ ಅನ್ನೋ ಊರಿನ ಪಕ್ಕ. ಎತ್ತರ 5,895 ಮೀಟರ್, ಆಫ್ರಿಕಾ ಖಂಡದಲ್ಲೇ ಅತಿ ಎತ್ತರ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಮೂರು ಮುಳ್ಳಯ್ಯನಗಿರಿ ಒಂದರ ಮೇಲೊಂದು ಪೇರಿಸಿಟ್ಟರೂ ಇನ್ನೂ ನೂರೈದು ಮೀಟರ್ ಕಮ್ಮಿ ಬೀಳುತ್ತೆ. ಹಿಮಾಲಯದ ಹಾಗೆ ಸಾಲು ಸಾಲು ಬೆಟ್ಟ ಅಲ್ಲ ಇದು, ಬಯಲಿನ ಮಧ್ಯೆ ಒಂಟಿಯಾಗಿ ಎದ್ದು ನಿಂತಿರೋ ಜ್ವಾಲಾಮುಖಿ. ಹಗ್ಗ, ಐಸ್ ಆಕ್ಸ್ ಏನೂ ಬೇಡ. ನಡೆಯೋದಷ್ಟೇ. ಅದಕ್ಕೇ ಎಲ್ಲರೂ ‘ಓ, ವಾಕಿಂಗ್ ತಾನೇ’ ಅಂತಾರೆ. ಆ ‘ತಾನೇ’ ಅನ್ನೋ ಪದ ಇದೆಯಲ್ಲ, ನಾಲ್ಕು ಸಾವಿರ ಮೀಟರ್ ದಾಟಿದ ಮೇಲೆ ಯಾರ ಬಾಯಲ್ಲೂ ಬರಲ್ಲ.

ಇಲ್ಲಿ ಒಬ್ಬರೇ ಹತ್ತೋ ಹಾಗಿಲ್ಲ. ಲೈಸೆನ್ಸ್ ಇರೋ ಗೈಡ್ ಇಲ್ಲದೆ ಗೇಟ್ ಒಳಗೇ ಬಿಡಲ್ಲ. 1991ರಿಂದ ಇದೇ ನಿಯಮ. ಹಾಗಾಗಿ ನೀವು ಯಾವುದಾದರೂ ಕಂಪನಿಯ ಪ್ಯಾಕೇಜ್ ತಗೊಳ್ಳಲೇಬೇಕು. ಇಲ್ಲಿಂದ ಶುರು ನಮ್ಮ ಲೆಕ್ಕ.

ನಾನು ಹೋಗಿದ್ದು ಮಚಾಮೆ ರೂಟ್, ಏಳು ದಿನ. ಪಾರ್ಕ್ ಶುಲ್ಕ ದಿನಕ್ಕೆ 70 ಡಾಲರ್. ಏಳು ದಿನಕ್ಕೆ 490. ಕ್ಯಾಂಪಿಂಗ್ ರಾತ್ರಿಗೆ 50, ಆರು ರಾತ್ರಿಗೆ 300. ರೆಸ್ಕ್ಯೂ ಶುಲ್ಕ 20. ಒಟ್ಟು 810. ಇದರ ಮೇಲೆ ನಮ್ಮ ಜಿಎಸ್‌ಟಿ ಥರ ಅಲ್ಲಿ ಶೇ. 18 ವ್ಯಾಟ್. ಕೂಡಿಸಿ ನೋಡಿ, 955 ಡಾಲರ್ ಚಿಲ್ಲರೆ. ಇದು ಯಾವ ಕಂಪನಿಯಲ್ಲಿ ಹೋದರೂ ಅಷ್ಟೇ. ಚೌಕಾಸಿ ನಡೆಯಲ್ಲ. ಸರ್ಕಾರಕ್ಕೆ ಕಟ್ಟೋ ದುಡ್ಡು.

ಈಗ ಆನ್‌ಲೈನ್‌ನಲ್ಲಿ ಒಬ್ಬರು ‘ಏಳು ದಿನ, ಎಲ್ಲಾ ಸೇರಿ 1,300 ಡಾಲರ್’ ಅಂತ ಹಾಕಿದ್ದಾರೆ ಅಂದುಕೊಳ್ಳಿ. ಬೆಂಗಳೂರಿನ ಒಬ್ಬ ಏಜೆಂಟ್ ನನಗೂ ಹೆಚ್ಚುಕಡಿಮೆ ಇದೇ ರೇಟ್ ಹೇಳಿದ್ದರು. 1,300ರಲ್ಲಿ 955 ಕಳೀರಿ. ಉಳಿದದ್ದು 345. ಒಬ್ಬ ಟ್ರೆಕ್ಕರ್‌ಗೆ ಸುಮಾರು ಮೂರು ಜನ ಸಿಬ್ಬಂದಿ ಬೇಕು: ಗೈಡ್, ಅಡುಗೆಯವರು, ಪೋರ್ಟರ್‌ಗಳು. ಮೂರು ಜನ ಏಳು ದಿನ ಅಂದರೆ 21 ಆಳುದಿನ. ಇಡೀ 345 ಡಾಲರನ್ನು ಅವರಿಗೇ ಹಂಚಿದರೂ ತಲೆಗೆ ದಿನಕ್ಕೆ 16 ಡಾಲರ್. ಆದರೆ ಊಟ? ಟೆಂಟ್? ಗೇಟ್‌ವರೆಗಿನ ಜೀಪು? ಮೋಶಿಯಲ್ಲಿ ಎರಡು ರಾತ್ರಿ ಹೋಟೆಲ್? ಆಫೀಸ್ ಬಾಡಿಗೆ, ಏಜೆಂಟ್ ಕಮಿಷನ್, ಕಂಪನಿಯ ಲಾಭ? ಎಲ್ಲ ಅದೇ 345ರಲ್ಲಿ ಬರಬೇಕು. ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗಬೇಕು ಅಂದರೆ ಎಲ್ಲೋ ಒಂದು ಕಡೆ ಕತ್ತರಿ ಬೀಳಲೇಬೇಕಲ್ವಾ? ಪಾರ್ಕ್ ಶುಲ್ಕಕ್ಕೆ ಬೀಳಲ್ಲ, ಏಜೆಂಟ್ ಕಮಿಷನ್‌ಗೂ ಬೀಳಲ್ಲ. ಬೀಳೋದು ಮೂಟೆ ಹೊರೋರ ಕೂಲಿಗೆ, ಅವರ ಊಟಕ್ಕೆ, ಇಲ್ಲಾಂದ್ರೆ ನಿಮ್ಮ ದಿನಗಳಿಗೆ. ಏಳು ದಿನದ ಟ್ರೆಕ್ ಆರಾಗುತ್ತೆ, ಆರು ಐದಾಗುತ್ತೆ.

ಆ ಒಂದು ದಿನ ಯಾಕೆ ಅಷ್ಟು ಮುಖ್ಯ ಅಂತ ಹೇಳ್ತೀನಿ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತೆ. ತುದಿಯಲ್ಲಿ ಒಂದು ಉಸಿರಿಗೆ ಸಿಗೋ ಆಕ್ಸಿಜನ್, ಮಂಗಳೂರಿನ ಬೀಚ್‌ನಲ್ಲಿ ಸಿಗೋದರ ಸುಮಾರು ಅರ್ಧ. ದೇಹ ಇದಕ್ಕೆ ಹೊಂದಿಕೊಳ್ಳುತ್ತೆ, ಆದರೆ ಅದಕ್ಕೆ ಟೈಮ್ ಬೇಕು. ಜಿಮ್‌ಗೆ ಹೋಗಿದ್ದೀರಾ, ಮ್ಯಾರಥಾನ್ ಓಡಿದ್ದೀರಾ ಅನ್ನೋದನ್ನೆಲ್ಲ ಅದು ಕೇಳಲ್ಲ. ಅದಕ್ಕೇ ನಮ್ಮ ಮೂರನೇ ದಿನ ಹೇಗಿತ್ತು ಅಂದರೆ, ಲಾವಾ ಟವರ್ ಅಂತ ಒಂದು ದೊಡ್ಡ ಬಂಡೆ, 4,600 ಮೀಟರ್ ಎತ್ತರದಲ್ಲಿ, ಅಲ್ಲಿತನಕ ಹತ್ತಿಸಿ ಮಧ್ಯಾಹ್ನದ ಊಟ ಮಾಡಿಸಿ, ಮತ್ತೆ ಬರಾಂಕೋ ಕ್ಯಾಂಪ್‌ಗೆ ಇಳಿಸಿದರು. ಅದು ನಾಲ್ಕು ಸಾವಿರಕ್ಕಿಂತ ಸ್ವಲ್ಪ ಕೆಳಗೆ. ಮೇಲೆ ಹತ್ತು, ಕೆಳಗೆ ಬಂದು ಮಲಗು. ಹತ್ತಿದ್ದನ್ನ ಇಳಿಯೋಕೆ ಯಾರಿಗೆ ಮನಸ್ಸಿರುತ್ತೆ ಹೇಳಿ? ನಮ್ಮ ಗುಂಪಿನಲ್ಲೂ ಗೊಣಗಾಟ ಇತ್ತು. ಆದರೆ ದೇಹಕ್ಕೆ ಪಾಠ ಆಗೋದು ಅಲ್ಲೇ.

ಈ ಬರಾಂಕೋ ಕಣಿವೆಯಲ್ಲಿ ಒಂದು ಗಿಡ ಇದೆ, ಸೆನೆಸಿಯೋ ಜಾತಿದು. ನೋಡೋಕೆ ಕ್ಯಾಂಡಲ್ ಸ್ಟ್ಯಾಂಡ್ ಥರ. ಒಣಗಿದ ಎಲೆಗಳನ್ನು ಉದುರಿಸದೆ ಕಾಂಡಕ್ಕೇ ಸುತ್ತಿಕೊಂಡಿರುತ್ತೆ, ಚಳಿಗೆ ಕಂಬಳಿ ಹೊದ್ದ ಹಾಗೆ. ಫೋನ್ ಬ್ಯಾಟರಿ ಉಳಿಸಿಕೊಂಡು ಇದರ ಫೋಟೊ ತೆಗೀರಿ, ತುದಿಯ ಸೆಲ್ಫಿಗಿಂತ ಚೆನ್ನಾಗಿ ಬರುತ್ತೆ.

ಸರಿ, ಪೋರ್ಟರ್‌ಗಳ ವಿಷಯ. ಮಚಾಮೆ ಗೇಟ್‌ನಲ್ಲಿ ನಾವು ರಿಜಿಸ್ಟರ್‌ಗೆ ಸಹಿ ಹಾಕ್ತಾ ಇದ್ದಾಗ ಪಕ್ಕದಲ್ಲಿ ತಕ್ಕಡಿಗೆ ಮೂಟೆ ನೇತು ಹಾಕಿ ತೂಗ್ತಾ ಇದ್ದರು. ಒಬ್ಬ ಪೋರ್ಟರ್ ಹೊರೋ ಸಾಮಾನು 20 ಕೆಜಿ ಮೀರಬಾರದು ಅಂತ ಪಾರ್ಕ್ ನಿಯಮ. ಅದಕ್ಕೇ ನಮ್ಮ ಬ್ಯಾಗ್‌ಗೂ ಮಿತಿ ಇರುತ್ತೆ. ಇಪ್ಪತ್ತು ಕೆಜಿ ಅಂದರೆ ಹತ್ತಿರ ಹತ್ತಿರ ಒಂದು ಅಕ್ಕಿ ಮೂಟೆ. ಅದನ್ನ ಕುತ್ತಿಗೆ ಮೇಲೋ ತಲೆ ಮೇಲೋ ಇಟ್ಟುಕೊಂಡು, ನಾವು ಸಣ್ಣ ಬ್ಯಾಗ್ ಹಾಕ್ಕೊಂಡು ಏದುಸಿರು ಬಿಡ್ತಾ ಇರುವಾಗ, ‘ಜಾಂಬೋ’ ಅಂತ ನಕ್ಕು ದಾಟಿ ಹೋಗ್ತಾರೆ. ನಾವು ಕ್ಯಾಂಪ್ ಮುಟ್ಟೋ ಹೊತ್ತಿಗೆ ಟೆಂಟ್ ಎದ್ದಿರುತ್ತೆ, ಚಹಾ ಕುದೀತಾ ಇರುತ್ತೆ. ಅಂದಹಾಗೆ ಸ್ವಾಹಿಲಿಯಲ್ಲೂ ಚಹಾಕ್ಕೆ ಚಾಯ್ ಅಂತಾನೇ ಹೇಳೋದು. ಚಪಾತಿಗೆ ಚಪಾತಿ. ನಾಲ್ಕನೇ ದಿನ ತಟ್ಟೆಯಲ್ಲಿ ಚಪಾತಿ ನೋಡಿ ನಮ್ಮವರೊಬ್ಬರಿಗೆ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ.

ಮೋಶಿಯಲ್ಲಿ ‘ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್’ ಅಂತ ಒಂದು ಸಂಸ್ಥೆ ಇದೆ. ಪೋರ್ಟರ್‌ಗಳಿಗೆ ಜಾಕೆಟ್, ಶೂ ಬಾಡಿಗೆ ಇಲ್ಲದೆ ಕೊಡ್ತಾರೆ. ಕೂಲಿ, ಊಟ, ಮಲಗೋ ಟೆಂಟ್ ಸರಿಯಾಗಿ ಕೊಡೋ ಕಂಪನಿಗಳ ಪಟ್ಟಿ ಇಡ್ತಾರೆ. ಬುಕ್ ಮಾಡೋ ಮುಂಚೆ ಆ ಪಟ್ಟಿ ನೋಡಿ. ಐದು ನಿಮಿಷದ ಕೆಲಸ.

ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡಿದ್ದಕ್ಕೆ ಬರ್ತೀನಿ. ನಮ್ಮ ಗುಂಪಿನಲ್ಲಿ ಆರು ಜನ. ಅದರಲ್ಲಿ ದಾವಣಗೆರೆ ಕಡೆಯ ಅಕ್ಕ-ತಮ್ಮ ಇಬ್ಬರು. ಅಕ್ಕ ಬ್ಯಾಂಕ್‌ನಲ್ಲಿ ಕೆಲಸ, ನಲವತ್ತರ ಆಸುಪಾಸು. ಹೆಸರು ಹೇಳಬೇಡ, ವಿಷಯ ಹೇಳು ಅಂತ ಅವರೇ ಅಂದಿದ್ದಾರೆ. ಐದು ದಿನವೂ ನಮ್ಮೆಲ್ಲರಿಗಿಂತ ಚೆನ್ನಾಗಿ ನಡೆದದ್ದು ಅವರೇ. ಎರಡು ವರ್ಷ ಆರ್‌ಡಿ ಕಟ್ಟಿ ದುಡ್ಡು ಕೂಡಿಸಿದ್ದರು.

ಕೊನೆಯ ಕ್ಯಾಂಪ್ ಹೆಸರು ಬರಾಫು, ಸ್ವಾಹಿಲಿಯಲ್ಲಿ ಐಸ್ ಅಂತ ಅರ್ಥ, 4,673 ಮೀಟರ್. ಅಲ್ಲಿಂದ ರಾತ್ರಿ ಹನ್ನೆರಡರ ಹೊತ್ತಿಗೆ ಹೊರಟೆವು. ತಲೆಗೆ ಕಟ್ಟಿದ ಟಾರ್ಚ್ ಬೆಳಕಲ್ಲಿ ಮುಂದಿನವರ ಹಿಮ್ಮಡಿ ಮಾತ್ರ ಕಾಣೋದು. ‘ಪೋಲೆ ಪೋಲೆ’, ಅಂದರೆ ನಿಧಾನ, ನಿಧಾನ. ಎಷ್ಟು ನಿಧಾನ ಅಂದರೆ ದೇವಸ್ಥಾನದಲ್ಲಿ ಹೆಜ್ಜೆ ನಮಸ್ಕಾರ ಹಾಕ್ತಾರಲ್ಲ, ಆ ಥರ. ನೀರಿನ ಪೈಪ್ ಹೆಪ್ಪುಗಟ್ಟಿತ್ತು. ಒಂದೊಂದು ಗುಟುಕು ಕುಡಿದ ಮೇಲೂ ಪೈಪ್‌ಗೆ ವಾಪಸ್ ಊದಬೇಕು, ಇಲ್ಲಾಂದ್ರೆ ಒಳಗೇ ಐಸ್.

ಮೂರು ಗಂಟೆ ಹೊತ್ತಿಗೆ, ಸುಮಾರು 5,200 ಮೀಟರ್ ಇರಬೇಕು, ಹಿರಿಯ ಗೈಡ್ ಸಾಲು ನಿಲ್ಲಿಸಿದರು. ಅಕ್ಕನ ಹತ್ತಿರ ಬಂದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸಿ ನೇರ ನಡೀರಿ ಅಂದರು. ಅವರು ಎರಡು ಹೆಜ್ಜೆಗೇ ಪಕ್ಕಕ್ಕೆ ವಾಲಿದರು. ಇನ್ನೊಂದು ಸಲ. ಮತ್ತೆ ವಾಲಿದರು. ತಲೆನೋವು, ವಾಂತಿ ಬಂದಂತಾಗೋದು, ಊಟ ಸೇರದಿರೋದು ಇವೆಲ್ಲ ಅಲ್ಲಿ ಮಾಮೂಲಿ, ಗಮನ ಇಟ್ಟುಕೊಂಡು ಸಂಭಾಳಿಸಬಹುದು. ಆದರೆ ನಡಿಗೆ ತೂಕ ತಪ್ಪಿತು ಅಂದರೆ ಮೆದುಳಿನಲ್ಲಿ ಊತ ಶುರುವಾಗಿದೆ ಅನ್ನೋ ಸೂಚನೆ. ಸುಮ್ಮನೆ ಕೂತಾಗಲೂ ಉಸಿರು ಸಿಗದಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬ್ತಾ ಇದೆ ಅಂತ. ಎರಡಕ್ಕೂ ಮೊದಲ ಮದ್ದು ಒಂದೇ, ಇಳಿಯೋದು. ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ.

ಗೈಡ್ ಒಂದೇ ಮಾತು ಹೇಳಿದರು: ‘ಸಾಕು, ಇಳಿಯಿರಿ.’

ಅಕ್ಕ ಒಪ್ಪಲಿಲ್ಲ. ‘ಇನ್ನು ಮೂರು ಗಂಟೆ ಅಷ್ಟೇ, ನಂಗೇನೂ ಆಗಿಲ್ಲ’ ಅಂದರು. ಮಾತು ತೊದಲ್ತಾ ಇತ್ತು. ನಾವೂ ಸುಮ್ಮನಿರಲಿಲ್ಲ, ‘ಸ್ವಲ್ಪ ರೆಸ್ಟ್ ಕೊಟ್ಟು ನೋಡೋಣ’ ಅಂತ ಯಾರೋ ಅಂದರು. ಗೈಡ್ ಕೇಳಿಸಿಕೊಳ್ಳಲೇ ಇಲ್ಲ. ಆಗಲೇ ಸಹಾಯಕ ಗೈಡ್ ಅಕ್ಕನ ತೋಳಿಗೆ ತೋಳು ಸೇರಿಸಿ ಕೆಳಮುಖ ತಿರುಗಿಸಿ ಆಗಿತ್ತು. ತಮ್ಮ ಜೊತೆಗೆ ಇಳೀತೀನಿ ಅಂದ. ಅಕ್ಕ ಆ ಸ್ಥಿತಿಯಲ್ಲೂ ಬೈದರು: ‘ಲೋ, ಇಬ್ಬರ ದುಡ್ಡೂ ಹಾಳು ಮಾಡ್ಬೇಡ, ಹೋಗು.’ ಅವನು ಗೈಡ್ ಮುಖ ನೋಡಿದ. ‘ಅವರ ಜೊತೆ ನಮ್ಮವರಿದ್ದಾರೆ’ ಅಂದರು ಗೈಡ್. ಅವನು ಹತ್ತಿದ. ಆಮೇಲೆ ನನಗೆ ಹೇಳಿದ, ಬೆಳಗಾಗೋತನಕ ತಿರುಗಿ ತಿರುಗಿ ಕೆಳಗಿನ ಟಾರ್ಚ್‌ಗಳಲ್ಲಿ ಅಕ್ಕಂದು ಯಾವುದು ಅಂತಾನೇ ಹುಡುಕ್ತಾ ಇದ್ದನಂತೆ.

ಈಗ ಯೋಚನೆ ಮಾಡಿ. ಆ ಗೈಡ್‌ಗೆ ಸರಿಯಾದ ಸಂಬಳ ಇರಲಿಲ್ಲ, ಟಿಪ್ಸ್ ಮೇಲೇ ಬದುಕು ಅಂದುಕೊಳ್ಳಿ. ಟಿಪ್ಸ್ ಯಾರು ಜಾಸ್ತಿ ಕೊಡ್ತಾರೆ? ತುದಿ ಮುಟ್ಟಿದವರು. ಆಗ ಆ ಮೂರು ಗಂಟೆಯಲ್ಲಿ ಅವರ ಲೆಕ್ಕ ಯಾವ ಕಡೆ ವಾಲುತ್ತೆ? ಕೆಟ್ಟವರು ಅಂತ ಹೇಳ್ತಾ ಇಲ್ಲ. ಮನೆಯಲ್ಲಿ ಮಕ್ಕಳ ಸ್ಕೂಲ್ ಫೀಸ್ ಇರೋ ಯಾರಿಗಾದರೂ ‘ಇನ್ನೊಂದು ಅರ್ಧ ಗಂಟೆ ನೋಡೋಣ’ ಅನಿಸೋದು ಸಹಜ. ಕಾಮರ್ಸ್‌ನಲ್ಲಿ ಇದಕ್ಕೆ ಇನ್ಸೆಂಟಿವ್ ಅಂತೀವಿ. ಸಹಾಯಕ ಗೈಡ್‌ಗಳ ಸಂಖ್ಯೆಯದೂ ಅದೇ ಕಥೆ. ನಮ್ಮ ಆರು ಜನಕ್ಕೆ ಮೂವರು ಗೈಡ್ ಇದ್ದದ್ದಕ್ಕೆ ಒಬ್ಬರು ಇಳಿದರೂ ಉಳಿದವರು ಮುಂದೆ ಹೋದೆವು. ಒಬ್ಬರೇ ಇದ್ದಿದ್ದರೆ? ಎಲ್ಲರೂ ವಾಪಸ್, ಇಲ್ಲಾ ಅಕ್ಕನನ್ನೂ ಎಳೆದುಕೊಂಡು ಮೇಲೆ. 1,300 ಡಾಲರ್ ಪ್ಯಾಕೇಜ್‌ನಲ್ಲಿ ಮೊದಲು ಕಮ್ಮಿಯಾಗೋದು ಈ ಮೂರನೇ ಗೈಡ್.

ಹಾಗಾಗಿ ಏಜೆಂಟ್‌ಗೆ ಫೋನ್ ಮಾಡಿದಾಗ ‘ಸಕ್ಸೆಸ್ ರೇಟ್ ಎಷ್ಟು’ ಅಂತ ಕೇಳಬೇಡಿ, ಎಲ್ಲರೂ ತೊಂಬತ್ತೈದು ಅಂತಾರೆ. ಎಷ್ಟು ಜನಕ್ಕೆ ಎಷ್ಟು ಗೈಡ್ ಅಂತ ಕೇಳಿ. ದಿನಕ್ಕೆರಡು ಸಲ ಬೆರಳಿಗೆ ಆಕ್ಸಿಮೀಟರ್ ಹಾಕ್ತಾರಾ, ಆಕ್ಸಿಜನ್ ಸಿಲಿಂಡರ್ ತುದಿಯ ದಿನ ಜೊತೆಗೆ ಬರುತ್ತಾ, ಇಲ್ಲಾ ಕ್ಯಾಂಪ್‌ನಲ್ಲೇ ಇರುತ್ತಾ? ಪೋರ್ಟರ್‌ಗೆ ದಿನಕ್ಕೆ ಎಷ್ಟು ಕೊಡ್ತೀರಿ? ಈ ಕೊನೆಯ ಪ್ರಶ್ನೆಗೆ ತಡವರಿಸಿದರೆ ಫೋನ್ ಇಟ್ಟುಬಿಡಿ.

ತುದಿಯ ಬಗ್ಗೆ ಜಾಸ್ತಿ ಹೇಳಲ್ಲ, ಫೋಟೊ ನೋಡಿದ್ದೀರಿ. ಉಹುರು ಅಂದರೆ ಸ್ವಾತಂತ್ರ್ಯ. ಜರ್ಮನರ ಕಾಲದಲ್ಲಿ ಅವರ ಚಕ್ರವರ್ತಿಯ ಹೆಸರಿತ್ತು. 1961ರ ಡಿಸೆಂಬರ್‌ನಲ್ಲಿ ಸ್ವಾತಂತ್ರ್ಯ ಬಂದ ರಾತ್ರಿ ಅಲೆಕ್ಸಾಂಡರ್ ನ್ಯಿರೆಂಡಾ ಅನ್ನೋ ಸೇನಾಧಿಕಾರಿ ಅಲ್ಲಿ ಬಾವುಟ ನೆಟ್ಟು ದೀಪ ಹಚ್ಚಿದರು. ಪಕ್ಕದಲ್ಲಿ ಹಿಮದ ಗೋಡೆ ಕಾಣುತ್ತೆ. 1912ರಿಂದ 2011ರ ಹೊತ್ತಿಗೆ ಅಲ್ಲಿನ ಹಿಮದಲ್ಲಿ ಶೇ. 85ರಷ್ಟು ಹೋಗಿದೆ. ಉಳಿದದ್ದನ್ನ ನೋಡೋಕೆ ವಿಮಾನದಲ್ಲಿ ಹೋಗೋ ನಾವು ಏನು ಮಾತಾಡೋದು, ಬಿಡಿ.

ಸಂಜೆ ಮ್ವೇಕಾ ಕ್ಯಾಂಪ್ ಮುಟ್ಟಿದಾಗ ಅಕ್ಕ ಗಂಜಿ ಕುಡೀತಾ ಕೂತಿದ್ದರು. ಬರಾಫುನಲ್ಲಿ ಆಕ್ಸಿಜನ್ ಕೊಟ್ಟು, ಅಲ್ಲಿ ನಿಲ್ಲಿಸದೆ ಇನ್ನೂ ಕೆಳಗೆ ಕರೆತಂದಿದ್ದರು. ಇಳೀತಾ ಇಳೀತಾ ತಲೆ ತಿಳಿಯಾಯ್ತಂತೆ. ಆರೋಗ್ಯವಾಗಿದ್ದರು, ಸಿಟ್ಟಲ್ಲಿದ್ದರು. ಗೈಡ್ ಜೊತೆ ಮಾತಾಡಲಿಲ್ಲ. ಮಾರನೇ ದಿನ ಗೇಟ್‌ನಲ್ಲಿ ನಮಗೆಲ್ಲ ಸರ್ಟಿಫಿಕೇಟ್ ಕೊಡುವಾಗ ದೂರ ಹೋಗಿ ನಿಂತರು. ನನಗೆ ಆ ಸಿಟ್ಟು ಅರ್ಥ ಆಗುತ್ತೆ. ಎರಡು ವರ್ಷದ ಆರ್‌ಡಿ ಅದು.

ಕೊನೆಗೆ ಚಿಕ್ಕಪುಟ್ಟ ಪ್ರಶ್ನೆಗಳು. ಡಯಮಾಕ್ಸ್ ಮಾತ್ರೆ ತಗೋಬೇಕಾ ಅಂತ ಸುಮಾರು ಜನ ಕೇಳಿದ್ದೀರಿ. ನಿಮ್ಮ ಡಾಕ್ಟರ್‌ನ ಕೇಳಿ, ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ. ಬೆರಳು ಜುಮ್ಮೆನ್ನುತ್ತೆ, ರಾತ್ರಿ ನಾಲ್ಕು ಸಲ ಟೆಂಟ್ ಜಿಪ್ ತೆಗೀಬೇಕಾಗುತ್ತೆ. ಮಾತ್ರೆ ಇದೆ ಅಂತ ದಿನ ಕಮ್ಮಿ ಮಾಡಬೇಡಿ. ತಯಾರಿಗೆ ಕುಮಾರ ಪರ್ವತ ಸಾಕಾ? ಕಾಲಿಗೆ ಸಾಕು, ಶ್ವಾಸಕ್ಕೆ ಅಲ್ಲ. ವೆಜ್ ಊಟ ಸಿಗುತ್ತೆ, ಮೊದಲೇ ತಿಳಿಸಿ. ಉಪ್ಪಿನಕಾಯಿ ಒಯ್ಯಿರಿ, ಆದರೆ ಪ್ಲಾಸ್ಟಿಕ್ ಕ್ಯಾರಿಬ್ಯಾಗ್‌ನಲ್ಲಿ ಸುತ್ತಿಕೊಂಡು ಹೋಗಬೇಡಿ, ಆ ದೇಶದಲ್ಲಿ 2019ರಿಂದ ಅದಕ್ಕೆ ನಿಷೇಧ ಇದೆ. ಇನ್ಶೂರೆನ್ಸ್ ತಗೊಳ್ಳುವಾಗ ಆರು ಸಾವಿರ ಮೀಟರ್‌ವರೆಗಿನ ಟ್ರೆಕ್ಕಿಂಗ್‌ಗೆ ಕವರ್ ಇದೆಯಾ ಅಂತ ಪಾಲಿಸಿಯ ಸಣ್ಣ ಅಕ್ಷರ ಓದಿ. ಮಾಮೂಲಿ ಟ್ರಾವೆಲ್ ಪಾಲಿಸಿಗಳು ಅಷ್ಟು ಎತ್ತರಕ್ಕೆ ಬರೋದು ಕಷ್ಟ.

ಪೋರ್ಟರ್‌ಗಳಿಗೆ ಹಳೇ ಶೂ ಕೊಡಬಹುದಾ ಅಂತ ಹಾಸನದಿಂದ ಒಬ್ಬರು ಕೇಳಿದ್ದಾರೆ. ಕೊಡಬಹುದು, ಆದರೆ ಅದನ್ನ ಟಿಪ್ಸ್ ಬದಲಿಗೆ ಅಂತ ಲೆಕ್ಕ ಹಿಡೀಬೇಡಿ. ಟಿಪ್ಸ್ ಬೇರೆ, ಶೂ ಬೇರೆ. ಮುಂದಿನ ಶುಕ್ರವಾರ ಸಿಗೋಣ.