ಮಕ್ಕಳ ಮನಸ್ಸಿನ ಆರೋಗ್ಯ ಮತ್ತು ನಮ್ಮ ವಿದ್ಯಾರ್ಥಿವೇತನ
(ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ವಿದ್ಯಾರ್ಥಿವೇತನದ ಅರ್ಜಿಗಳನ್ನು ಮುಂದಿಟ್ಟುಕೊಂಡು ಕೂತಾಗ ನಮ್ಮ ಕಣ್ಣು ಮೊದಲು ಹೋಗುವುದು ಅಂಕಪಟ್ಟಿಯ ಕಡೆಗೆ. ಎಂಟನೇ ತರಗತಿಯಲ್ಲಿ ಶೇಕಡಾ 80 ತೆಗೆದ ಮಗು ಒಂಬತ್ತರಲ್ಲಿ 45ಕ್ಕೆ ಇಳಿದಿದ್ದರೆ, ಮೊಬೈಲ್ ಹುಚ್ಚು ಇರಬೇಕು, ಸಹವಾಸ ಕೆಟ್ಟಿರಬೇಕು ಎನ್ನುತ್ತೇವೆ. ಕೆಲವು ಸಲ ಅದು ನಿಜವೂ ಹೌದು. ಆದರೆ ಮಗುವಿನ ಮನಸ್ಸಿಗೆ ಕಾಯಿಲೆ ಬಂದಿರಬಹುದೇ ಎಂದು ಕೇಳುವವರು ಕಡಿಮೆ.

10ರಿಂದ 19 ವರ್ಷದೊಳಗಿನ ಏಳು ಮಕ್ಕಳಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 42 ಮಕ್ಕಳ ತರಗತಿಯೆಂದರೆ ಸುಮಾರು ಆರು ಮಂದಿ. ಶಿಕ್ಷಕರಾಗಿ ನಾವು ಇಂಥ ಮಕ್ಕಳನ್ನು ನೋಡುತ್ತಲೇ ಬಂದಿದ್ದೇವೆ. ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು, ಭಾನುವಾರ ಇಲ್ಲ. ರಾತ್ರಿ ನಿದ್ದೆಯಿಲ್ಲ, ತಟ್ಟೆಯಲ್ಲಿ ಊಟ ಹಾಗೇ ಉಳಿಯುತ್ತದೆ, ಆಟಕ್ಕೆ ಕರೆದರೆ ಬರುವುದಿಲ್ಲ. ಹದಿಹರೆಯದವರಲ್ಲಿ ದುಃಖ ಎಷ್ಟೋ ಸಲ ಅಳುವಾಗಿ ಬರುವುದಿಲ್ಲ, ಸಿಟ್ಟಾಗಿ ಬರುತ್ತದೆ. ನಾವು ಅದನ್ನು ಎದುರುತ್ತರ ಎಂದುಕೊಂಡು ಇನ್ನೆರಡು ಬಿಗಿಯುತ್ತೇವೆ. ಇಂಥದ್ದು ಎರಡು ವಾರ ದಾಟಿದರೆ ವೈದ್ಯರನ್ನು ಕಾಣಬೇಕು.

ಈಗ ಏನಾಗುತ್ತಿದೆ? ಮೊದಲು ಸ್ಕ್ಯಾನಿಂಗ್, ಆಮೇಲೆ ಗಾಳಿ ಸೋಕಿದೆಯೆಂದು ತಾಯತ. ಹೆಣ್ಣುಮಗುವಾದರೆ, ನಾಳೆ ಸಂಬಂಧ ಬರುವುದಿಲ್ಲವೆಂದು ಬಾಯಿ ಮುಚ್ಚಿ, ಶಾಲೆಯನ್ನೇ ಬಿಡಿಸುವುದೂ ಇದೆ. ದುಆ ಮಾಡಬೇಡಿ ಎಂದು ನಾವು ಹೇಳುವುದಿಲ್ಲ. ಜ್ವರ ಬಂದಾಗ ದುಆ ಮಾಡುತ್ತೇವೆ, ಆಸ್ಪತ್ರೆಗೂ ಹೋಗುತ್ತೇವೆ. ಇದಕ್ಕೂ ಹಾಗೇ.

ಮನೋವೈದ್ಯರೆಂದರೆ ಮಾತ್ರೆ, ಕರೆಂಟು ಎಂಬ ಹೆದರಿಕೆ ಹಲವರಿಗೆ. ಅನೇಕ ಮಕ್ಕಳಿಗೆ ಚಿಕಿತ್ಸೆ ಶುರುವಾಗುವುದೇ ಮಾತಿನಿಂದ, ಮನೆಯಲ್ಲಿ ಶಾಲೆಯಲ್ಲಿ ಒಂದಿಷ್ಟು ಬದಲಾವಣೆಯಿಂದ. ಮಾತ್ರೆ ಬರೆದುಕೊಟ್ಟರೆ, ಮಗು ನಗತೊಡಗಿತೆಂದು ನೀವೇ ನಿಲ್ಲಿಸಬೇಡಿ.

ಖರ್ಚಿನ ಚಿಂತೆಯಿದ್ದವರು ಮೊದಲು 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾಯಿತು. ಹಗಲು ರಾತ್ರಿ ಸಿಗುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ನಿಮ್ಮಲ್ಲಿ ಯಾವ ಮಂಗಳವಾರವೆಂದು ಆಸ್ಪತ್ರೆಯಲ್ಲಿ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ.

ಮಗು 'ಸಾಯಬೇಕು ಅನ್ನಿಸುತ್ತದೆ' ಎಂದರೆ ನಾಟಕವೆನ್ನಬೇಡಿ. ಒಂಟಿಯಾಗಿ ಬಿಡಬೇಡಿ. ಮಾತ್ರೆ, ಕೀಟನಾಶಕಗಳನ್ನು ಬೀಗದೊಳಗಿಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪ್ರಯತ್ನ ನಡೆದೇಹೋಗಿದ್ದರೆ ಪೊಲೀಸ್ ಕೇಸಿಗೆ ಹೆದರಿ ಮುಚ್ಚಿಡುವುದು ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ, ಶಿಕ್ಷಿಸುವುದಿಲ್ಲ.

ಇನ್ನು ದಾನಿಗಳಲ್ಲಿ ಮತ್ತು ಸಮಿತಿಯಲ್ಲಿ ನಮ್ಮದೊಂದು ಬೇಡಿಕೆ. ಅಂಕ ಇಳಿದರೆ ವೇತನ ನವೀಕರಣವಾಗುವುದಿಲ್ಲ ಎಂಬ ನಿಯಮ ಒಳ್ಳೆಯ ಉದ್ದೇಶದ್ದೇ. ಆದರೆ ಕಾಯಿಲೆಯಲ್ಲಿರುವ ಮಗುವಿಗೆ ಅದು ಶಾಲೆಯ ಬಾಗಿಲನ್ನೇ ಮುಚ್ಚಿಬಿಡುತ್ತದೆ. ಅಂಕ ಇಳಿದ ಮೊದಲ ವರ್ಷ ಹೆಸರು ತೆಗೆಯುವ ಬದಲು, ಸಮಿತಿಯ ಒಬ್ಬರು ಆ ಮನೆಗೆ ಹೋಗಿಬರಲಿ. 'ಮಗುವಿಗೆ ಚಿಕಿತ್ಸೆ ನಡೆಯುತ್ತಿದೆ' ಎಂಬ ವೈದ್ಯರ ಒಂದು ಸಾಲು ಸಾಕು; ಕಾಯಿಲೆಯ ಹೆಸರು ಕೇಳುವುದು ಬೇಡ, ಈ ವರದಿಯಲ್ಲಿ ಅಚ್ಚಾಗುವುದಂತೂ ಬೇಡವೇ ಬೇಡ. ಆಸ್ಪತ್ರೆ ಉಚಿತವಾದರೂ ಬಸ್ ಚಾರ್ಜು, ಆ ದಿನದ ಕೂಲಿ ಎರಡೂ ತಾಯಿಯ ಕೈಬಿಡುತ್ತವೆ. ಅದಕ್ಕಾಗಿ ಒಂದಿಷ್ಟು ಹಣ ಬೇರೆ ತೆಗೆದಿಡಬೇಕೆಂದು ಕೇಳಿಕೊಳ್ಳುತ್ತೇವೆ.

ಎಲ್ಲರೆದುರು ಹೇಳಲಾಗದ ಮಾತಿದ್ದವರು ಊಟವಾದ ಮೇಲೆ ಬನ್ನಿ. ನಾವು ಹಿಂದಿನ ಕೋಣೆಯಲ್ಲಿ ಅಸರ್ ನಮಾಜಿನವರೆಗೆ ಕೂತಿರುತ್ತೇವೆ. ತಾಯಂದಿರ ಜೊತೆ ಮಾತಾಡಲು ಇಬ್ಬರು ಶಿಕ್ಷಕಿಯರೂ ಇದ್ದಾರೆ.